ಯಾರಿಗೆ ಸ್ವಾಮಿ ಇದು?

ಕಾರಿನ ಮುಂಭಾಗ ಜಜ್ಜಿಹೋಗಿತ್ತು. ಆದರೂ ಒಳಗಿನ ಗಡಿಯಾರ ಸರಿಯಾದ ಸಮಯವನ್ನೇ ತೋರಿಸುತ್ತಿತ್ತು. ಕಾರನ್ನು ಎಳೆದು ತಂದು ಮನೆಯ ಹಿಂದೆ ನಿಲ್ಲಿಸಿದ ಸಂಜೆ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದು. ಬಾನೆಟ್ ಮಡಚಿಕೊಂಡು ಗುಡಾರದ ಹಾಗೆ ಎದ್ದಿತ್ತು. ಎಡಗಡೆಯ ಚಕ್ರ ಒಳಕ್ಕೆ ತಿರುಚಿಕೊಂಡಿತ್ತು. ಸೀಟಿನ ತುಂಬ ಗಾಜಿನ ಹರಳು. ಅದರ ನಡುವೆ ಆ ಹಸಿರು ಅಂಕಿಗಳು ಏನೂ ಆಗಿಲ್ಲವೇನೋ ಅನ್ನುವಂತೆ ನಿಮಿಷ ಎಣಿಸುತ್ತಿದ್ದವು.

ತಪ್ಪು ನನ್ನದೇ. ಹಿಂದಿನ ಟೈರುಗಳು ಸವೆದದ್ದು ಗೊತ್ತಿತ್ತು. ಮುಂದಿನ ತಿಂಗಳು ನೋಡೋಣ ಅಂತ ಎರಡು ಸಲ ಮುಂದೂಡಿದ್ದೆ. ಮಳೆ ಆಗಷ್ಟೇ ನಿಂತ ರಸ್ತೆ, ಒಂದು ತಿರುವು. ಗಾಡಿಯ ಹಿಂಭಾಗ ಜಾರಿತು, ಎಡ ಮೂತಿ ಮರಕ್ಕೆ ಹೋಗಿ ಬಡಿಯಿತು. ನನಗೆ ಎದೆಯ ಮೇಲೆ ಬೆಲ್ಟಿನ ಅಡ್ಡಗೆರೆ, ಮುಂಗೈಯಲ್ಲಿ ಏರ್‌ಬ್ಯಾಗ್ ಉಜ್ಜಿದ ತರಚು ಗಾಯ. ಪಕ್ಕದಲ್ಲಿ, ಹಿಂದೆ ಯಾರೂ ಇರಲಿಲ್ಲ.

ರಿಪೇರಿಯ ಖರ್ಚು ಗಾಡಿಯ ಬೆಲೆಯನ್ನು ಮೀರುತ್ತದೆ ಅಂತ ನೋಡಿದವರೆಲ್ಲ ಹೇಳಿದರು. ವಿಮೆಯವರದ್ದೂ ಅದೇ ಮಾತು. ಕೊನೆಗೆ ಆದ ಒಪ್ಪಂದ ಇಷ್ಟು: ಮುರಿದ ಗಾಡಿಗೆ ಸಿಗಬಹುದಾದ ಹಣವನ್ನು ಪರಿಹಾರದಿಂದ ಕಳೆದು ಕಾರನ್ನು ನನಗೇ ಬಿಡುತ್ತಾರೆ. ಈ ಮಾತು ಕಾಗದದ ಮೇಲೆ ಬರುವವರೆಗೆ ನಾನು ಒಂದು ಸ್ಕ್ರೂ ಕೂಡ ಮುಟ್ಟಲಿಲ್ಲ. ಪೂರ್ತಿ ಪರಿಹಾರ ಕೊಟ್ಟರೆ ಸಾಮಾನ್ಯವಾಗಿ ಗಾಡಿ ವಿಮೆಯವರ ಪಾಲಾಗುತ್ತದೆ. ಆಮೇಲೆ ಅದರಿಂದ ಒಂದು ಹಾರ್ನ್ ಬಿಚ್ಚಿಕೊಂಡರೂ ಅದು ಪರರ ಸೊತ್ತು.

ಇನ್ನೊಂದು ಫೋನನ್ನು ಗುಜರಿಯವರಿಗೆ ಮಾಡಿದ್ದೆ. ಏನೇನು ಬಿಚ್ಚಿಕೊಳ್ಳಬಹುದು, ಏನು ಇರಲೇಬೇಕು ಅಂತ ಕೇಳಿದೆ. ಎಂಜಿನ್, ಗೇರ್‌ಬಾಕ್ಸ್, ಸೈಲೆನ್ಸರ್ ಪೈಪಿನಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಈ ಮೂರೂ ಗಾಡಿಯಲ್ಲೇ ಇರಬೇಕು, ಇಲ್ಲದಿದ್ದರೆ ಲೆಕ್ಕವೇ ಬೇರೆ ಅಂದರು. ಕನ್ವರ್ಟರಿನ ಮೇಲೆ ಅವರಿಗೆ ಅಷ್ಟು ಪ್ರೀತಿ ಯಾಕೆ ಅಂತ ಆಗ ನನಗೆ ಅರ್ಥವಾಗಿರಲಿಲ್ಲ. ಅದರೊಳಗೆ ಜೇನುಗೂಡಿನ ಹಾಗಿರುವ ಒಂದು ಪಿಂಗಾಣಿ ಗಟ್ಟಿ ಇರುತ್ತದೆ. ಆ ಗೂಡಿನ ಗೋಡೆಗಳಿಗೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ತೆಳುವಾಗಿ ಸವರಿರುತ್ತಾರೆ. ಎಲ್ಲ ಸೇರಿ ಕೆಲವೇ ಗ್ರಾಂ, ಆದರೆ ಬಲು ದುಬಾರಿ ಲೋಹಗಳು. ಕಳ್ಳರು ನಿಂತ ಕಾರಿನಡಿ ನುಸುಳಿ ಕೊಯ್ದುಕೊಂಡು ಹೋಗುವುದೂ ಇದಕ್ಕೇ. ಹಾಗಾಗಿ ಬಿಡಿಯಾಗಿ ಇದನ್ನು ಹಿಡಿದುಕೊಂಡು ಮಾರಲು ಹೋದರೆ ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಬರುತ್ತದೆ. ಸುಮ್ನೆ ಇದ್ದಲ್ಲೇ ಬಿಟ್ಟೆ.

ಉಳಿದದ್ದೆಲ್ಲ ನನ್ನದು. ಇಲ್ಲಿ ನನ್ನ ಒಂದು ಚಟದ ಬಗ್ಗೆ ಹೇಳಬೇಕು.

ನಮ್ಮಪ್ಪ ಡೊಂಕಾದ ಮೊಳೆಯನ್ನೂ ಎಸೆದವರಲ್ಲ. ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿ ಡಬ್ಬಿಗೆ ಹಾಕುತ್ತಿದ್ದರು. ನಟ್ಟಿಗೊಂದು ಡಬ್ಬಿ, ವಾಷರಿಗೊಂದು ಡಬ್ಬಿ, ಯಾವುದಕ್ಕೂ ಸೇರದ್ದಕ್ಕೆ ಎಲ್ಲಕ್ಕಿಂತ ದೊಡ್ಡ ಡಬ್ಬಿ. ಅಮ್ಮ ಗೊಣಗಿದರೆ ಒಂದೇ ಉತ್ತರ: "ಇರ್ಲಿ ಬಿಡು, ಯಾವತ್ತಾದ್ರೂ ಬೇಕಾಗುತ್ತೆ." ಆ ರೋಗ ನನಗೂ ಹತ್ತಿದೆ. ಮುರಿದ ಕಾರು ನೋಡಿ ದುಃಖವಾಯಿತು ಅಂತ ಹೇಳಿದರೆ ಪೂರ್ತಿ ನಿಜ ಹೇಳಿದಂತೆ ಆಗುವುದಿಲ್ಲ. ಒಳಗೊಳಗೇ ಒಂದು ಖುಷಿಯೂ ಇತ್ತು. ಇಷ್ಟೊಂದು ಬೋಲ್ಟು!

ಸಹಾಯಕ್ಕೆ ಅಂತ ಮೇಸ್ತ್ರಿಯನ್ನು ಕರೆದೆ. ಗ್ಯಾರೇಜಿನಲ್ಲಿ ಬದುಕೆಲ್ಲ ಕಳೆದು ಈಗ ಮನೆಯಲ್ಲಿ ಕೂತಿರುವ ಹಿರಿಯರು. ಅವರಿಗೆ ಹೆಸರಿದೆ, ಆದರೆ ಮೇಸ್ತ್ರಿ ಅಂತ ಬಿಟ್ಟು ಬೇರೆ ಹೆಸರಿನಲ್ಲಿ ಕರೆದವರನ್ನು ನಾನು ನೋಡಿಲ್ಲ. ನಾನು ಬರೆದಿಟ್ಟುಕೊಂಡ ಪಟ್ಟಿಯನ್ನು ಅವರಿಗೆ ತೋರಿಸಿದೆ. ನಲವತ್ತಕ್ಕೂ ಜಾಸ್ತಿ ಸಾಮಾನು. ಕನ್ನಡಕ ಏರಿಸಿ ಓದಿದರು. ಮೊದಲನೆಯದರ ಮೇಲೆ ಬೆರಳಿಟ್ಟು ಕೇಳಿದರು, "ಯಾರಿಗೆ ಸ್ವಾಮಿ ಇದು?"

"ಯಾರಿಗೂ ಅಂತಲ್ಲ ಮೇಸ್ತ್ರಿ, ಇರ್ಲಿ ಅಂತ."

ಎರಡನೆಯದರ ಮೇಲೆ ಬೆರಳಿಟ್ಟರು. "ಇದು ಯಾರಿಗೆ?"

ಮುಂದಿನ ಒಂಬತ್ತು ದಿನ ಈ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ.

ಮೊದಲ ದಿನ ಬರೀ ಖಾಲಿ ಮಾಡುವ ಕೆಲಸ. ಸೀಟಿನ ಸಂದಿಯಲ್ಲಿ ನಾಣ್ಯ, ಪೆನ್ನಿನ ಮುಚ್ಚಳ, ಮಗಳು ಎಂದೋ ಕಳೆದುಕೊಂಡು ಅತ್ತಿದ್ದ ಹೇರ್‌ಕ್ಲಿಪ್. ಜನ ಮರೆಯುವುದು ಕಣ್ಣಿಗೆ ಕಾಣದ್ದನ್ನು. ಕಾರಿನ ಆಡಿಯೋದೊಳಗೆ ನನ್ನ ಫೋನಿನ ಹೆಸರುಗಳೆಲ್ಲ ಕೂತಿದ್ದವು. ದಾರಿ ತೋರಿಸುವ ಮ್ಯಾಪಿನಲ್ಲಿ ಮನೆಯ ವಿಳಾಸ. ಕರೆಂಟು ಇರುವಾಗಲೇ ಅಳಿಸಿಬಿಡಬೇಕು.

ಬ್ಯಾಟರಿ ಬಿಚ್ಚಲು ಕೈ ಹಾಕಿದವನನ್ನು ಮೇಸ್ತ್ರಿ ತಡೆದರು. "ಉಸಿರಿರುವಾಗಲೇ ನಾಡಿ ನೋಡ್ಬೇಕು ಸ್ವಾಮಿ." ಮೊದಲು ಪೆಟ್ರೋಲ್ ವಾಸನೆ ಬರುತ್ತಿದೆಯಾ ಅಂತ ಗಾಡಿಯ ಸುತ್ತ, ಕೆಳಗೆ, ಬಗ್ಗಿ ಮೂಸಿದರು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಕೂತಿರುತ್ತದೆ. ನಿಂತು ಮೂಸಿದರೆ ಗೊತ್ತಾಗುವುದಿಲ್ಲ. ಜಜ್ಜಿದ ಕಡೆ ವೈರು ಸುಲಿದಿದೆಯಾ ಅಂತ ನೋಡಿದರು. ಆಮೇಲೆ ಕೀ ತಿರುಗಿಸಿ ಒಂದೊಂದನ್ನೇ ಓಡಿಸಿದೆವು. ನಾಲ್ಕು ಬಾಗಿಲಿನ ಗಾಜು, ಲಾಕು, ವೈಪರ್, ಕನ್ನಡಿ ತಿರುಗಿಸುವ ಮೋಟಾರು, ಹಿಂದಿನ ದೀಪ, ಒಳಗಿನ ಫ್ಯಾನು. ಕೆಲಸ ಮಾಡಿದ್ದಕ್ಕೆ ಸೀಮೆಸುಣ್ಣದಲ್ಲಿ ಗುರುತು. ಬಿಚ್ಚಿ ಒಳಗಿಟ್ಟ ಮೇಲೆ ಮೋಟಾರು ಸತ್ತಿದೆಯೋ ಬದುಕಿದೆಯೋ ಹೇಳುವುದು ಕಷ್ಟ. ಗಾಡಿಯಲ್ಲಿದ್ದಾಗ ಒಂದು ಗುಂಡಿ ಒತ್ತಿದರೆ ಸಾಕು. ಈ ಒಂದು ಗಂಟೆಯ ಕೆಲಸದಿಂದ ನನ್ನ ಪಟ್ಟಿಯ ಆರು ಸಾಮಾನು ಹೊಡೆದುಹೋದವು.

ಆಮೇಲೆ ಬ್ಯಾಟರಿ. ಮೈನಸ್ ಮೊದಲು, ಪ್ಲಸ್ ಆಮೇಲೆ. ಯಾಕೆ ಅಂದರೆ ಗಾಡಿಯ ಇಡೀ ಮೈ ಮೈನಸ್ಸಿಗೆ ಸೇರಿಕೊಂಡಿರುತ್ತದೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಎಲ್ಲಾದರೂ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ, ಸ್ಪ್ಯಾನರೇ ಕೆಂಪಗಾಗಬಹುದು. ಮೈನಸ್ ತೆಗೆದಿದ್ದರೆ ಆ ಭಯ ಇಲ್ಲ. ತಂತಿ ಎಳೆದ ಕೂಡಲೇ ಗಡಿಯಾರ ಆರಿತು. 4:52 ಆಗಿತ್ತು. ಅದು ಯಾಕೆ ನೆನಪಿದೆಯೋ ಗೊತ್ತಿಲ್ಲ.

ಮೀಟರ್ ಹಿಡಿದರೆ ಬ್ಯಾಟರಿ 12.5 ವೋಲ್ಟ್ ತೋರಿಸಿತು. ಪೂರ್ತಿ ತುಂಬಿದ, ಆರೋಗ್ಯವಾಗಿರುವ ಬ್ಯಾಟರಿ ಸುಮ್ಮನೆ ಕೂತಾಗ 12.6ರ ಸುತ್ತ ಇರುತ್ತದೆ. ಒಳಗೆ ಆರು ಮನೆ, ಒಂದೊಂದಕ್ಕೂ 2.1. ಇದಕ್ಕೆ ಮೇಸ್ತ್ರಿ ಪ್ರಶ್ನೆ ಕೇಳಲಿಲ್ಲ. ತಮ್ಮನ ಗಾಡಿಗೆ ಅದೇ ಅಳತೆ ಅಂತ ಅವರಿಗೂ ಗೊತ್ತಿತ್ತು.

ಬ್ಯಾಟರಿ ತೆಗೆದ ಮೇಲೆ ಆ ದಿನ ಗಾಡಿಯೊಳಗೆ ಕೈ ಹಾಕಲಿಲ್ಲ. ಏರ್‌ಬ್ಯಾಗಿನ ಪೆಟ್ಟಿಗೆಯೊಳಗೆ ಕೆಪಾಸಿಟರಿನಲ್ಲಿ ಒಂದಿಷ್ಟು ಕರೆಂಟು ಕೂಡಿಟ್ಟಿರುತ್ತಾರೆ, ಅಪಘಾತದಲ್ಲಿ ಬ್ಯಾಟರಿಯೇ ಹರಿದುಹೋದರೂ ಬ್ಯಾಗು ಸಿಡಿಯಲಿ ಅಂತ. ಅದು ಇಳಿಯಲು ಕೆಲವು ನಿಮಿಷ ಸಾಕು, ಎಷ್ಟು ಅಂತ ಆಯಾ ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ನಾವು ರಾತ್ರಿಯಿಡೀ ಬಿಟ್ಟೆವು. ಮುಂದಿನ ಎರಡು ಸಿಡಿದಿದ್ದವು, ಸೀಟಿನ ಪಕ್ಕದವು ಹಾಗೇ ಇದ್ದವು. ಒಳಗಿರುವುದು ಸಿಡಿಮದ್ದು. ಕಣ್ಣು ಮಿಟುಕಿಸುವುದರೊಳಗೆ ಉಬ್ಬುವ ಸಾಮಾನು ಮುಖದ ಹತ್ತಿರ ಆಗಬಾರದ ಹೊತ್ತಿನಲ್ಲಿ ಉಬ್ಬಿದರೆ ಕತೆ ಮುಗಿಯಿತು. ಹಳದಿ ಪ್ಲಗ್ ಕಂಡರೆ ಕೈ ಹಿಂದಕ್ಕೆ, ಇದು ಮೇಸ್ತ್ರಿಯ ಕಾನೂನು. ಏರ್‌ಬ್ಯಾಗಿನ ವೈರಿಗೆ ಸಾಮಾನ್ಯವಾಗಿ ಹಳದಿ ಬಣ್ಣ. ಬ್ಯಾಟರಿಯಲ್ಲಿ ಓಡುವ ಕಾರು, ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ವೈರು ಇರುತ್ತದಲ್ಲ, ಅದಕ್ಕಂತೂ ನಮ್ಮಂಥವರು ಹತ್ತಿರವೂ ಹೋಗಬಾರದು. ನೂರಾರು ವೋಲ್ಟ್ ಅದು.

ಎರಡನೇ ದಿನ ನೀರು, ಎಣ್ಣೆ. ಇದರ ಬಗ್ಗೆ ಯಾರೂ ಆಸೆಯಿಂದ ಬರೆಯುವುದಿಲ್ಲ, ಆದರೆ ಬಿಚ್ಚಾಟದಲ್ಲಿ ನಿಜವಾಗಿ ನೆಲ ಹಾಳಾಗುವುದು ಇಲ್ಲೇ. ಎಂಜಿನ್ ಆಯಿಲ್ ಡಬ್ಬಿಗೆ ಇಳಿಸಿದೆವು. ಎಂಜಿನ್ ತಣ್ಣಗಿಡುವ ಕೂಲಂಟ್ ಅರ್ಧ ಮರದ ಬುಡದಲ್ಲೇ ಚೆಲ್ಲಿತ್ತು, ಉಳಿದರ್ಧವನ್ನು ಹಿಡಿದು ಮುಚ್ಚಳ ಬಿಗಿದೆವು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಬಾಯಿಗೆ ಸಿಹಿ. ನಾಯಿ, ಬೆಕ್ಕು ನೆಕ್ಕಿದರೆ ಕಿಡ್ನಿ ಹೋಗುತ್ತದೆ. ಮಕ್ಕಳಿಗೂ ಅಷ್ಟೇ ಅಪಾಯ. ಬ್ರೇಕ್ ಆಯಿಲ್ ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನೇ ತಿನ್ನುತ್ತದೆ. ನನ್ನ ಟೂಲ್ ಪೆಟ್ಟಿಗೆಯ ಮುಚ್ಚಳದ ಮೇಲೆ ಈಗಲೂ ಅದರ ಗುರುತಿದೆ.

ಏಸಿಯ ಗ್ಯಾಸಿನ ವಿಷಯದಲ್ಲಿ ನನಗೆ ಚಿಂತೆ ಇತ್ತು. ಹಳೆ ಕಾರುಗಳಲ್ಲಿರುವ ಆರ್‌134ಎ ಅನ್ನುವ ಗ್ಯಾಸು ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಜಾಸ್ತಿ ಶಕ್ತಿಯದ್ದು. ಪೈಪು ಸಡಿಲಿಸಿ ಗಾಳಿಗೆ ಬಿಡುವ ಹಾಗಿಲ್ಲ, ಮೆಷಿನ್ ಇರುವವರೇ ಎಳೆದುಕೊಳ್ಳಬೇಕು. ನಮ್ಮ ಗಾಡಿಯಲ್ಲಿ ಎಳೆಯಲು ಏನೂ ಉಳಿದಿರಲಿಲ್ಲ. ಆ ಗ್ಯಾಸು ಹರಿಯುವ ಕಂಡೆನ್ಸರ್ ರೇಡಿಯೇಟರಿಗಿಂತಲೂ ಮುಂದೆ ಇರುತ್ತದೆ. ಮರ ಮೊದಲು ಮುಟ್ಟಿದ್ದೇ ಅದನ್ನು.

ಇಲ್ಲಿಂದ ಒಂದು ಲೆಕ್ಕ ಕಲಿತೆ. ಪೆಟ್ಟು ಎಲ್ಲಿ ಬಿತ್ತು, ಅಲ್ಲಿಂದ ಎಷ್ಟು ದೂರದಲ್ಲಿದೆ ಅಂತ ನೋಡಿ ಸಾಮಾನಿನ ಮೇಲೆ ಆಸೆ ಇಡಬೇಕು. ಮುಂದೆ ಗುದ್ದಿದ ಗಾಡಿಯಲ್ಲಿ ಡಿಕ್ಕಿ, ಹಿಂದಿನ ದೀಪ, ಹಿಂದಿನ ಬಾಗಿಲು ಇವೆಲ್ಲ ಸಾಧಾರಣವಾಗಿ ಚೆನ್ನಾಗಿರುತ್ತವೆ. ಹಿಂದೆ ಗುದ್ದಿಸಿಕೊಂಡಿದ್ದರೆ ಉಲ್ಟಾ. ನೀರಿನಲ್ಲಿ ಮುಳುಗಿದ ಗಾಡಿಯಾದರೆ ವೈರು, ಕಂಪ್ಯೂಟರ್ ಪೆಟ್ಟಿಗೆ, ಬೇರಿಂಗು ಎಲ್ಲದರ ಮೇಲೂ ಅನುಮಾನ ಇರಬೇಕು. ಆದರೆ ದೂರದ ಲೆಕ್ಕವೂ ಕೆಲವೊಮ್ಮೆ ಮೋಸ ಮಾಡುತ್ತದೆ. ಬಲಗಡೆಯ ಹೆಡ್‌ಲೈಟ್ ಹೊಳೆಹೊಳೆಯುತ್ತ ಇತ್ತು, ಒಂದು ಗೀರು ಇಲ್ಲ. ಬಿಚ್ಚಿ ತಿರುಗಿಸಿ ನೋಡಿದರೆ ಗಾಡಿಗೆ ಬಿಗಿಯುವ ಹಿಂದಿನ ಕಿವಿಗಳು ಮೂರರಲ್ಲಿ ಎರಡು ಮುರಿದಿದ್ದವು. ಧಕ್ಕೆ ಅಡ್ಡಕ್ಕೆ ಹಾದುಹೋಗಿತ್ತು.

ಮೂರು ಮತ್ತು ನಾಲ್ಕನೇ ದಿನ ಪೂರ್ತಿ ಹೋದದ್ದು ಡೈನಮೋಗೆ. ಎಂಜಿನ್ ಓಡುವಾಗ ಬ್ಯಾಟರಿಗೆ ಕರೆಂಟು ತುಂಬುವ ಯಂತ್ರ ಅದು, ಪುಸ್ತಕದ ಭಾಷೆಯಲ್ಲಿ ಆಲ್ಟರ್ನೇಟರ್, ಗ್ಯಾರೇಜಿನಲ್ಲಿ ಈಗಲೂ ಡೈನಮೋ. ಅದು ಬಲಗಡೆ, ಪೆಟ್ಟಿನಿಂದ ದೂರ ಇತ್ತು. ಬೆಲ್ಟ್ ಕಳಚಿ ಕೈಯಲ್ಲಿ ತಿರುಗಿಸಿದರೆ ನುಣ್ಣಗೆ ತಿರುಗಿತು, ಗರಗರ ಸದ್ದಿಲ್ಲ. ಎರಡೇ ಬೋಲ್ಟು, ಅರ್ಧ ಗಂಟೆ ಸಾಕು ಅಂದುಕೊಂಡೆ.

ಮೇಲಿನದು ಬಂತು. ಕೆಳಗಿನದು ಉದ್ದನೆಯ ಬೋಲ್ಟು. ಹನ್ನೆರಡು ವರ್ಷದ ಮಳೆ, ಮಣ್ಣು, ಬಿಸಿ ಎಲ್ಲ ಸೇರಿ ಅಲ್ಯೂಮಿನಿಯಂ ಕಿವಿಯೊಳಗೆ ಕಚ್ಚಿಕೊಂಡಿತ್ತು. ಕಬ್ಬಿಣದ ಬೋಲ್ಟು ಅಲ್ಯೂಮಿನಿಯಂ ಒಳಗೆ ಒದ್ದೆಯಾಗಿ ಕೂತರೆ ಎರಡು ಲೋಹವೂ ಬರೀ ತುಕ್ಕಿಗಿಂತ ಗಟ್ಟಿಯಾಗಿ ಒಂದನ್ನೊಂದು ಹಿಡಿಯುತ್ತವೆ. ನಾನು ಹನ್ನೆರಡು ಮೂಲೆಯ ಸಾಕೆಟ್ ಹಾಕಿ ಉದ್ದ ಪೈಪು ಸಿಕ್ಕಿಸಿ ಎಳೆದೆ. ಬೋಲ್ಟಿನ ತಲೆ ದುಂಡಗಾಗಲು ಶುರುವಾಯಿತು. ಮೇಸ್ತ್ರಿ ಏನೂ ಬೈಯಲಿಲ್ಲ, ಕೈಯಿಂದ ಸಾಕೆಟ್ ಇಸಿದುಕೊಂಡು ಆರು ಮೂಲೆಯದ್ದನ್ನು ಕೊಟ್ಟರು. ಆರು ಮೂಲೆಯದ್ದು ಬೋಲ್ಟಿನ ಚಪ್ಪಟೆ ಮೈಯನ್ನು ಹಿಡಿಯುತ್ತದೆ, ಹನ್ನೆರಡರದ್ದು ತುದಿಗಳನ್ನು ಮಾತ್ರ. ತುಕ್ಕು ಹಿಡಿದ ಬೋಲ್ಟಿನ ತುದಿಗಳಲ್ಲಿ ಉಳಿದಿರುವುದೇ ಸ್ವಲ್ಪ.

"ಈಗ ಎಳೀಬೇಡಿ. ಎಣ್ಣೆ ಬಿಡಿ, ಊಟ ಮಾಡಿ, ಮತ್ತೆ ಎಣ್ಣೆ ಬಿಡಿ, ಮಲಗಿ." ತುಕ್ಕು ಬಿಡಿಸುವ ಎಣ್ಣೆ ಬೋಲ್ಟಿನ ಎಳೆ ಎಳೆಯೊಳಗೆ ಇಳಿಯಲು ಹೊತ್ತು ಬೇಕು. ಮಾರನೇ ದಿನ ಬೆಳಿಗ್ಗೆ ಬೋಲ್ಟಿನ ತಲೆಯ ಮೇಲೆ ಸುತ್ತಿಗೆಯಲ್ಲಿ ಹತ್ತಿಪ್ಪತ್ತು ಸಲ ತಟ್ಟಿದರು, ಬಾಗಿಲು ತಟ್ಟುವ ಹಾಗೆ. ಆಮೇಲೆ ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿದರು. ಟಕ್ ಅಂತ ಒಂದು ಸಣ್ಣ ಸದ್ದು. "ಹಿಡಿತ ಬಿಡ್ತು," ಅಂದರು. ಅಲ್ಲಿಂದ ಕಾಲು ಸುತ್ತು ಹಿಂದೆ, ಅರ್ಧ ಕಾಲು ಮುಂದೆ, ಮತ್ತೆ ಎಣ್ಣೆ. ಒಂದೇ ಸಮನೆ ಎಳೆದರೆ ತುಕ್ಕಿನ ಪುಡಿ ಎಳೆಯಲ್ಲಿ ಸಿಕ್ಕಿ ಮತ್ತೆ ಕಚ್ಚುತ್ತದೆ. ಒಂದು ಬೋಲ್ಟಿಗೆ ಮುಕ್ಕಾಲು ಗಂಟೆ. ನಾನಾಗಿದ್ದರೆ ಮೊದಲ ದಿನವೇ ಮುರಿದು, ಮುರಿದ ತುಂಡನ್ನು ಡ್ರಿಲ್ ಮಾಡುತ್ತ ಕೂತಿರುತ್ತಿದ್ದೆ.

ಬಿಚ್ಚಿದ ಬೋಲ್ಟನ್ನು ಅವರು ನನ್ನ ಡಬ್ಬಿಗೆ ಹಾಕಲು ಬಿಡಲಿಲ್ಲ. ಡೈನಮೋದ ಅದೇ ತೂತಿಗೆ ಎರಡು ಸುತ್ತು ತಿರುಗಿಸಿ ಕೂರಿಸಿದರು. ಬೋಲ್ಟು ಸಾಮಾನಿನ ಜೊತೆ ಹೋಗಬೇಕಂತೆ. ವೈರಿನ ಪ್ಲಗ್ಗನ್ನೂ ಕಿತ್ತುಕೊಳ್ಳದೆ, ಒಂದು ಗೇಣು ವೈರು ಸಮೇತ ಕತ್ತರಿಸಿ ಅದಕ್ಕೇ ಸಿಕ್ಕಿಸಿಟ್ಟರು. ಹಾಕಿಸಿಕೊಳ್ಳುವವನ ಗಾಡಿಯಲ್ಲಿ ಡೈನಮೋ ಕೆಟ್ಟಿದ್ದರೆ ಪ್ಲಗ್ಗೂ ಸುಟ್ಟಿರುತ್ತದೆ ಅನ್ನುವುದು ಅವರ ಅನುಭವ. ನನ್ನ ಅಪ್ಪನ ಡಬ್ಬಿಗಳಲ್ಲಿ ನೂರಾರು ಬೋಲ್ಟುಗಳಿದ್ದವು. ಯಾವುದು ಎಲ್ಲಿಂದ ಬಂತು ಅಂತ ಒಂದಕ್ಕೂ ಗೊತ್ತಿರಲಿಲ್ಲ.

ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರು ಕೆಳಗಿನಿಂದ ಬರಬೇಕಿತ್ತು, ಅಂದರೆ ಗಾಡಿಯಡಿ ಮಲಗಬೇಕು. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಹೋಗಬೇಡಿ. ಗಟ್ಟಿ ಸ್ಟ್ಯಾಂಡ್ ಕೊಟ್ಟು, ಗಾಡಿಯನ್ನು ಕೈಯಿಂದ ನೂಕಿ ನೋಡಿ, ಆಮೇಲೆ ಮಲಗಿ. ನಮ್ಮದರ ಒಂದು ಚಕ್ರ ತಿರುಚಿದ್ದರಿಂದ ಅದು ಹೇಗೆ ಕೂರುತ್ತದೆ ಅಂತಲೇ ಹೇಳುವ ಹಾಗಿರಲಿಲ್ಲ. ಮೇಸ್ತ್ರಿ ಆ ಮೋಟಾರನ್ನು ಬಿಡಿ ಅಂದರು. ಬಿಟ್ಟೆ. ಮುಂದಿನ ಷಾಕ್ ಅಬ್ಸಾರ್ಬರಿನ ಸ್ಪ್ರಿಂಗನ್ನೂ ಬಿಡಿಸಲಿಲ್ಲ. ಅದನ್ನು ಅದುಮಿ ಕೂರಿಸಿರುತ್ತಾರೆ. ಹಿಡಿಯುವ ಸಾಧನವಿಲ್ಲದೆ ಮೇಲಿನ ನಟ್ಟು ಬಿಚ್ಚಿದರೆ ಕೋವಿಯ ಗುಂಡಿನ ಹಾಗೆ ಹಾರುತ್ತದೆ. ಅವರ ಗಲ್ಲದ ಮೇಲೊಂದು ಹಳೇ ಗಾಯದ ಕಲೆ ಇದೆ, ಅದರ ಬಗ್ಗೆ ಕೇಳಿದ್ದಕ್ಕೆ ಸ್ಪ್ರಿಂಗಿನ ಕಡೆ ಕೈ ತೋರಿಸಿದರು, ಅಷ್ಟೆ.

ಟೈರಿನ ಕತೆ ಚಿಕ್ಕದು. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಹಿಂದಿನ ಎರಡು ಸವೆದವು, ಈ ಕತೆಯ ಖಳನಾಯಕರು. ಮುಂದೆ ಎಡಗಡೆಯದ್ದು ಒಡೆದಿತ್ತು. ಸ್ಟೆಪ್ನಿ ಮಾತ್ರ ಹೊಚ್ಚ ಹೊಸದು, ರಬ್ಬರಿನ ಮೇಲಿನ ಕೂದಲೂ ಹಾಗೇ ಇದ್ದವು. ಅಂಕಿ ನೋಡಿದರೆ ಕಾರಿನಷ್ಟೇ ವಯಸ್ಸು. ಒಮ್ಮೆಯೂ ನೆಲ ಮುಟ್ಟದೆ ಡಿಕ್ಕಿಯ ಕತ್ತಲಲ್ಲೇ ಮುದಿಯಾಗಿತ್ತು. ಐದರಲ್ಲಿ ಉಳಿದದ್ದು ಒಂದು.

ಐದನೇ ದಿನ ಸೀಟ್ ಬೆಲ್ಟ್.

ನನ್ನ ಪಟ್ಟಿಯಲ್ಲಿ ಅದು ಇತ್ತು. ಮಾರಲು ಅಲ್ಲ. ನನ್ನನ್ನು ಹಿಡಿದ ಬೆಲ್ಟು ಅದು, ಬಿಟ್ಟು ಹೋಗಲು ಮನಸ್ಸಿರಲಿಲ್ಲ. ಎಲ್ಲಾದರೂ ಹಾಕಿಸಬಹುದು, ಗಟ್ಟಿ ಬಟ್ಟೆ ಅಲ್ವಾ ಅಂತ ಮನಸ್ಸಿನಲ್ಲಿತ್ತು. ಮೇಸ್ತ್ರಿ ಬೆಲ್ಟನ್ನು ಎಳೆದರು. ಬರಲಿಲ್ಲ. ಬಿಗಿದೇ ನಿಂತಿತ್ತು. ಬುಡದಲ್ಲಿ ಒಂದು ಚಿಕ್ಕ ಮದ್ದಿನ ಗುಂಡು ಇರುತ್ತದೆ, ಗಾಡಿ ಗುದ್ದಿದ ಕ್ಷಣದಲ್ಲಿ ಅದು ಸಿಡಿದು ಬೆಲ್ಟಿನ ಸಡಿಲನ್ನೆಲ್ಲ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಒಂದೇ ಸಲದ ಕೆಲಸ. ಆಮೇಲೆ ಭುಜದ ಹತ್ತಿರ ಬೆಲ್ಟು ಹಾದುಹೋಗುವ ಕೊಂಡಿಯ ಕಡೆ ಟಾರ್ಚ್ ಬೆಳಕು ಹಿಡಿದರು. ಆ ಜಾಗದಲ್ಲಿ ನೂಲು ಕರಗಿ ಗಾಜಿನ ಹಾಗೆ ಮಿರಮಿರ ಹೊಳೆಯುತ್ತಿತ್ತು. ಒಂದು ಬೆರಳಿನಷ್ಟು ಅಗಲ. ನನ್ನ ಭಾರ ಅಲ್ಲಿ ಉಜ್ಜಿ ಹೋದ ಗುರುತು.

ಈ ಮೂರು ಕಡೆ ಕಟ್ಟುವ ಬೆಲ್ಟನ್ನು ಮಾಡಿದವರು ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್, 1959ರಲ್ಲಿ. ಪೇಟೆಂಟ್ ಇದ್ದರೂ ಬೇರೆ ಕಂಪನಿಗಳೂ ಬಳಸಿಕೊಳ್ಳಲಿ ಅಂತ ಅದನ್ನು ಮುಕ್ತವಾಗಿ ಬಿಟ್ಟರು. ಬೆಲ್ಟಿನ ನೂಲು ಹಗ್ಗದ ಹಾಗೆ ಸುಮ್ಮನೆ ಹಿಡಿದು ನಿಲ್ಲುವುದಿಲ್ಲ, ಹಿಗ್ಗುತ್ತದೆ. ಆ ಹಿಗ್ಗುವಿಕೆಯಲ್ಲಿ ಒಂದಿಷ್ಟು ಹೊಡೆತ ಕರಗಿಹೋಗುತ್ತದೆ, ಪಕ್ಕೆಲುಬು ಉಳಿಯುತ್ತದೆ. ಹಿಗ್ಗಿದ್ದು ಮತ್ತೆ ಕುಗ್ಗುವುದಿಲ್ಲ. ನೋಡಲು ಏನೂ ಆಗದಂತೆ ಇರುತ್ತದೆ. ಮಕ್ಕಳ ಸೀಟಿಗೂ ಇದೇ ಮಾತು, ದೊಡ್ಡ ಅಪಘಾತ ಕಂಡದ್ದನ್ನು ಮತ್ತೆ ಹಾಕಬಾರದು.

"ಯಾರಿಗೆ ಸ್ವಾಮಿ ಇದು?"

ನಾನು ಮಾತಾಡಲಿಲ್ಲ. ಅವರೂ ಉತ್ತರಕ್ಕೆ ಕಾಯಲಿಲ್ಲ. ಕತ್ತರಿ ತರಿಸಿ ಮುಂದಿನ ಎರಡೂ ಬೆಲ್ಟುಗಳನ್ನು ಮಧ್ಯಕ್ಕೆ ಕತ್ತರಿಸಿದರು. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲವಲ್ಲ ಅಂದೆ. ಕೊಳ್ಳುವವನಿಗೆ ಅದು ಗೊತ್ತಾಗುವುದು ಹೇಗೆ ಅಂದರು. ಯಾರೂ ಬಿಚ್ಚಿ ಹಾಕಿಕೊಳ್ಳದ ಹಾಗೆ ಮಾಡುವುದೂ ಬಿಚ್ಚಾಟದ ಒಂದು ಭಾಗ ಅಂತ ಆ ದಿನದವರೆಗೆ ನನಗೆ ಹೊಳೆದಿರಲಿಲ್ಲ.

ಅದಾದ ಮೇಲೆ ಕೆಲಸದ ರೀತಿ ಬದಲಾಯಿತು. ಬಿಚ್ಚುವ ಮೊದಲು ಫೋನ್ ಮಾಡಲು ಶುರುಮಾಡಿದೆ. ಇದೇ ಮಾದರಿಯ ಕಾರು ಇರುವ ಪರಿಚಯದವರು ಏಳು ಜನ ಸಿಕ್ಕಿದರು. ಏನು ಬೇಕು ಅಂತ ಕೇಳಿದರೆ ಒಬ್ಬರೂ ಎಂಜಿನ್ ಅನ್ನಲಿಲ್ಲ, ಡೈನಮೋ ಅನ್ನಲಿಲ್ಲ. ಒಬ್ಬರಿಗೆ ಪೆಟ್ರೋಲ್ ಹಾಕುವ ಕಡೆಯ ಚಿಕ್ಕ ಮುಚ್ಚಳ. ಒಬ್ಬರಿಗೆ ಎಡಗನ್ನಡಿಯ ಗಾಜು. ಒಬ್ಬರ ಹಿಂದಿನ ಬಾಗಿಲಿನ ಒಳಹಿಡಿಕೆ ಮುರಿದು ಎರಡು ವರ್ಷವಾಗಿತ್ತು, ಹೊರಗಿನಿಂದಲೇ ತೆಗೆದು ಮಕ್ಕಳನ್ನು ಇಳಿಸುತ್ತಿದ್ದರು. ಏಸಿಯ ಗಾಳಿ ತಿರುಗಿಸುವ ಬಿರಡೆ, ಸೂರ್ಯನ ಬಿಸಿಲಿಗೆ ಅಡ್ಡ ಹಿಡಿಯುವ ಪಟ್ಟಿ, ಬಾಗಿಲಿನ ರಬ್ಬರು, ಬಾನೆಟ್ ಎತ್ತಿ ನಿಲ್ಲಿಸುವ ಕಡ್ಡಿಯ ಪ್ಲಾಸ್ಟಿಕ್ ಕ್ಲಿಪ್. ಎಂಜಿನಿನ ದೊಡ್ಡ ಸಾಮಾನು ಹೊಸದಾಗಿ ಸಿಗುತ್ತದೆ, ಹತ್ತು ಕಂಪನಿ ಮಾಡುತ್ತವೆ. ತಯಾರಿಕೆ ನಿಂತ ಗಾಡಿಯ ಇಂಥ ಚಿಲ್ಲರೆ ಪ್ಲಾಸ್ಟಿಕ್ಕನ್ನು ಮಾಡಲು ಯಾರಿಗೂ ಲಾಭವಿಲ್ಲ. ಅದಿಲ್ಲದೆ ಗಾಡಿ ಓಡುತ್ತದೆ. ಆದರೆ ದಿನಾ ಕೈಗೆ ಚುಚ್ಚುತ್ತದೆ.

ನನ್ನ ನಲವತ್ತರ ಪಟ್ಟಿಯಲ್ಲಿ ಇವು ಯಾವುವೂ ಇರಲಿಲ್ಲ.

ಪ್ಲಾಸ್ಟಿಕ್ ಬಿಚ್ಚುವುದಕ್ಕೂ ಕೈ ಬೇಕು, ಬೋಲ್ಟಿಗಿಂತ ಜಾಸ್ತಿ ತಾಳ್ಮೆ ಬೇಕು. ಹಳೆ ಕ್ಲಿಪ್ಪುಗಳು ತಣ್ಣಗಿದ್ದಾಗ ಪಟಪಟ ಮುರಿಯುತ್ತವೆ. ಬಿಸಿಲೇರಿದ ಮೇಲೆ ಮಾಡುವುದು, ಇಲ್ಲದಿದ್ದರೆ ತಲೆ ಒಣಗಿಸುವ ಡ್ರೈಯರಿನಿಂದ ಸ್ವಲ್ಪ ಬೆಚ್ಚಗೆ ಮಾಡುವುದು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಗೀರು ಬೀಳುತ್ತದೆ. ಅದರ ಬದಲು ಅಗಲವಾದ ಪ್ಲಾಸ್ಟಿಕ್ ಪಟ್ಟಿ. ಹಿಡಿಕೆಯ ಹಿಂದೆ, ಚಿಕ್ಕ ಮುಚ್ಚಳದ ಅಡಿ ಒಂದು ಸ್ಕ್ರೂ ಅಡಗಿರುತ್ತದೆ. ಎಳೆದರೂ ಬರುತ್ತಿಲ್ಲ ಅಂದರೆ ಬಲ ಸಾಲದು ಅಂತಲ್ಲ, ಎಲ್ಲೋ ಒಂದು ಸ್ಕ್ರೂ ಕಾಣದೆ ಉಳಿದಿದೆ ಅಂತ. ಒಂದೊಂದು ಹಂತಕ್ಕೂ ಫೋನಿನಲ್ಲಿ ಫೋಟೋ ತೆಗೆದೆ, ತೆಗೆದುಕೊಂಡವರಿಗೆ ಅದನ್ನೂ ಕಳಿಸಿದೆ.

ಎಂಜಿನಿನ ಕಂಪ್ಯೂಟರನ್ನು ಒಬ್ಬರು ಕೇಳಿದರು. ಕೊಡುವುದಾದರೆ ಮೂರನ್ನೂ ಒಟ್ಟಿಗೆ ಕೊಡಿ ಅಂದರು ಮೇಸ್ತ್ರಿ: ಪೆಟ್ಟಿಗೆ, ಕೀ, ಕೀ ಹಾಕುವ ಜಾಗದ ಸುತ್ತ ಇರುವ ಉಂಗುರ. ಕೀಯೊಳಗೊಂದು ಚಿಪ್ಪಿದೆ, ಉಂಗುರ ಅದನ್ನು ಓದುತ್ತದೆ, ಪೆಟ್ಟಿಗೆ ಗುರುತು ಹಿಡಿದರೆ ಮಾತ್ರ ಗಾಡಿ ಸ್ಟಾರ್ಟ್ ಆಗುತ್ತದೆ. ಬರೀ ಪೆಟ್ಟಿಗೆ ಕೊಟ್ಟರೆ ಬೀಗದ ಕೈ ಇಲ್ಲದ ಬೀಗ ಕೊಟ್ಟ ಹಾಗೆ. ನಾವು ಫ್ಯೂಸು, ರಿಲೇಗಳನ್ನೂ ಬಿಚ್ಚಿಕೊಂಡೆವು. ಕರೆಂಟನ್ನು ಹರಿಸುವ, ನಿಲ್ಲಿಸುವ ಬೆರಳೆರಡರಷ್ಟು ಗಾತ್ರದ ಡಬ್ಬಿ ಈ ರಿಲೇ. ಹಲವು ಗಾಡಿಗಳಿಗೆ ಒಂದೇ ಆಗುತ್ತದೆ. ಇದೊಂದಕ್ಕೆ ಮಾತ್ರ ನಾನು ಧೈರ್ಯವಾಗಿ "ಯಾವತ್ತಾದ್ರೂ ಬೇಕಾಗುತ್ತೆ" ಅಂದೆ. ಅವರೂ ಒಪ್ಪಿದರು.

ಒಂಬತ್ತನೇ ದಿನ ಲಾರಿ ಬಂತು. ಅದಕ್ಕೆ ಮೊದಲು ನೋಂದಣಿ ರದ್ದು ಮಾಡಿಸುವ ಕಾಗದಗಳನ್ನು ಜೋಡಿಸಿ ಇಟ್ಟಿದ್ದೆ. ಹೆಸರು ತೆಗೆಸುವವರೆಗೆ ಗಾಡಿ ಕಾನೂನಿನ ಕಣ್ಣಿಗೆ ಬದುಕೇ ಇರುತ್ತದೆ, ಅದರ ನಂಬರಿನಲ್ಲಿ ಯಾರು ಏನು ಮಾಡಿದರೂ ನಮ್ಮ ತಲೆಗೆ. ಚಾಸಿ ನಂಬರಿನ ತಗಡನ್ನು ನಾವು ಮುಟ್ಟಲಿಲ್ಲ. ಹದಿನೇಳು ಅಕ್ಷರ, ಅಂಕಿ. ಅದರಲ್ಲಿ ಐ, ಓ, ಕ್ಯೂ ಈ ಮೂರು ಇಂಗ್ಲಿಷ್ ಅಕ್ಷರ ಬರುವುದೇ ಇಲ್ಲ, ಒಂದು ಮತ್ತು ಸೊನ್ನೆ ಅಂತ ಓದಿಬಿಡುತ್ತಾರೆ ಅಂತ. ಲಾರಿಯವನು ಗಟ್ಟಿಯಾಗಿ ಓದಿದ, ನಾನು ಕಾಗದದಲ್ಲಿ ಬೆರಳಿಟ್ಟು ನೋಡಿದೆ.

ಕ್ರೇನಿನ ಕೊಕ್ಕೆ ಎಳೆದಾಗ ಗಾಡಿ ಬಹಳ ಹಗುರ ಇರಬಹುದು ಅಂದುಕೊಂಡಿದ್ದೆ. ತೂಕದ ಚೀಟಿ ನೋಡಿದರೆ ನಮ್ಮ ಒಂಬತ್ತು ದಿನದ ಬಿಚ್ಚಾಟಕ್ಕೆ ಇಳಿದದ್ದು ಇಡೀ ತೂಕದ ಹತ್ತರಲ್ಲೊಂದು ಪಾಲೂ ಇಲ್ಲ. ಕಾರೆಂದರೆ ಬಹುಪಾಲು ಉಕ್ಕು. ಗುಜರಿಯಿಂದ ಅದು ದೊಡ್ಡ ಪುಡಿಯಂತ್ರಕ್ಕೆ ಹೋಗುತ್ತದೆ. ಅಲ್ಲಿ ಸುತ್ತಿಗೆಗಳು ಬಡಿದು ಅಂಗೈಯಗಲದ ಚೂರು ಮಾಡುತ್ತವೆ, ಅಯಸ್ಕಾಂತ ಕಬ್ಬಿಣವನ್ನು ಹೆಕ್ಕುತ್ತದೆ. ಅಲ್ಯೂಮಿನಿಯಂ ಬೇರೆ ದಾರಿ ಹಿಡಿಯುತ್ತದೆ. ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕೆ ಹೋಲಿಸಿದರೆ ಹಳೆಯದನ್ನು ಕರಗಿಸಲು ಬೇಕಾಗುವ ಶಕ್ತಿ ಇಪ್ಪತ್ತರಲ್ಲೊಂದು ಪಾಲು ಮಾತ್ರ. ಕೊನೆಗೆ ಯಾರಿಗೂ ಬೇಡವಾಗಿ ಉಳಿಯುವುದು ಸೀಟಿನ ಸ್ಪಂಜು, ರಬ್ಬರು, ಪ್ಲಾಸ್ಟಿಕ್, ಬಟ್ಟೆ, ಗಾಜು ಎಲ್ಲ ಕಲಸಿದ ಒಂದು ರಾಶಿ. ಬೇಕಾದವರಿಗೆ ನಾವು ಕೊಟ್ಟ ಹಿಡಿಕೆ, ಮುಚ್ಚಳ, ರಬ್ಬರು ಎಲ್ಲ ಆ ರಾಶಿಗೇ ಸೇರಬೇಕಾಗಿದ್ದವು.

ಮೇಸ್ತ್ರಿ ಕೂಲಿ ತೆಗೆದುಕೊಳ್ಳಲಿಲ್ಲ. ಡಿಕ್ಕಿಯ ಚಿಕ್ಕ ದೀಪವನ್ನು ಮಾತ್ರ ಕೇಳಿದರು. ಯಾರಿಗೆ ಮೇಸ್ತ್ರಿ ಅಂತ ಈ ಸಲ ನಾನು ಕೇಳಿದೆ. ನಕ್ಕರು. ಹಿತ್ತಲಿನ ಕೋಳಿಗೂಡಿಗಂತೆ.

ಒಂದು ವರ್ಷವಾಯಿತು. ತಮ್ಮನ ಗಾಡಿಯಲ್ಲಿ ಬ್ಯಾಟರಿ ಇನ್ನೂ ನಡೆಯುತ್ತಿದೆ. ಎರಡು ದಿನ ಬೆವರು ಸುರಿಸಿ ತೆಗೆದ ಡೈನಮೋ ಕಪಾಟಿನಲ್ಲಿ ಹಾಗೇ ಕೂತಿದೆ, ತನ್ನ ಬೋಲ್ಟು, ತನ್ನ ಪ್ಲಗ್ಗಿನ ಜೊತೆ. ಎಲೆಕ್ಟ್ರಿಷಿಯನ್ ಹತ್ತಿರ ಓಡಿಸಿ ನೋಡಿಸಿದ್ದೇನೆ, 14.2 ವೋಲ್ಟ್ ಕೊಡುತ್ತದೆ, ಬೇರಿಂಗ್ ಸದ್ದಿಲ್ಲ. ವೈಪರ್ ಮೋಟಾರು ಇದೆ. ಬಲಗಡೆ ಹಿಂದಿನ ಬಾಗಿಲಿನ ಗಾಜು ಏರಿಸುವ ಯಂತ್ರ ಇದೆ, ಗಾಡಿಯಲ್ಲಿದ್ದಾಗ ಮೇಲೆ ಕೆಳಗೆ ಸರಿಯಾಗಿ ಓಡಿತ್ತು. ಬಲಗಡೆಯ ಹೆಡ್‌ಲೈಟನ್ನೂ ಎಸೆದಿಲ್ಲ, ಕಿವಿ ಎರಡು ಮುರಿದಿವೆ ಅಂತ ಮೇಲೆ ಹೇಳಿದ್ದೇನಲ್ಲ, ಗಾಜು ಮಾತ್ರ ಬೇಕು ಅನ್ನುವವರಿಗೆ ಆದೀತು. ಅದೇ ಮಾದರಿಯ ಗಾಡಿ ಇರುವವರು ಇನ್ನೂ ಯಾರಾದರೂ ಸಿಗುತ್ತಾರಾ ಅಂತ ಕಾಯುತ್ತಿದ್ದೇನೆ. ಮೇಸ್ತ್ರಿ ಮೊನ್ನೆ ಬಂದಾಗ ಕಪಾಟಿನ ಕಡೆ ನೋಡಿದರು, ಬಾಯಿ ತೆರೆಯುವ ಮೊದಲೇ ಕಾಫಿ ಕೊಟ್ಟೆ.